ಫ್ರಿಜ್ ತಣ್ಣಗಾಗದಿದ್ದರೆ ಗ್ಯಾಸ್ ತುಂಬಿಸುವುದೊಂದೇ ಮದ್ದಲ್ಲ

ಕೊಚ್ಚಿ, ತಿರುವನಂತಪುರಗಳಲ್ಲಿ ಹೋಟೆಲು ನಡೆಸುವ ನಮ್ಮವರ ಅಡುಗೆಮನೆಗಳಲ್ಲಿ ಹಾಲು, ಮೊಸರು, ದೋಸೆ ಹಿಟ್ಟಿಗೆಂದು ಸಣ್ಣ ಫ್ರಿಜ್ ಒಂದು ಇದ್ದೇ ಇರುತ್ತದೆ. ಅದು ತಣ್ಣಗಾಗದಿದ್ದರೆ ಮೆಕ್ಯಾನಿಕ್ ಮೊದಲು ಹೇಳುವ ಮಾತು 'ಗ್ಯಾಸ್ ತೀರ್ನು'. ನಾವೂ ಗಲ್ಲಾದಿಂದ ಹಣ ತೆಗೆದುಕೊಟ್ಟು ಸುಮ್ಮನಾಗುತ್ತೇವೆ. ಈ ರೂಢಿ ಬಿಡಬೇಕೆಂಬುದು ನಮ್ಮ ಅಭಿಪ್ರಾಯ.

ಫ್ರಿಜ್‌ನ ಗ್ಯಾಸ್ ಒಲೆಯ ಗ್ಯಾಸಿನಂತೆ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಇಷ್ಟನ್ನು ನೋಡಿರಿ:

1. ಹಿಂಬದಿಯ ಕಾಯಿಲ್‌ಗೆ ಒಗ್ಗರಣೆಯ ಜಿಡ್ಡು, ಧೂಳು ಹಿಡಿದಿದ್ದರೆ ಶಾಖ ಹೊರಹೋಗದು. ಪ್ಲಗ್ ತೆಗೆದು ಬ್ರಷ್‌ನಿಂದ ಶುಚಿ ಮಾಡಿಸಿ. ಒಲೆಯ ಪಕ್ಕದಲ್ಲಿದ್ದರೆ ಜಾಗ ಬದಲಿಸಿ.

2. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ. ಈ ಕರಾವಳಿಯ ತೇವದ ಗಾಳಿ ಒಳನುಗ್ಗಿ ಮಂಜುಗಡ್ಡೆ ಕಟ್ಟುತ್ತದೆ.

3. ಗಡ್ಡೆಯನ್ನು ಚಾಕುವಿನಿಂದ ಕೆತ್ತಬೇಡಿ. ಕೊಳವೆ ತೂತಾದರೆ ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ.

4. ಕಂಪ್ರೆಸರ್ 'ಟಿಕ್' ಎಂದು ನಿಂತುಬಿಡುತ್ತಿದ್ದರೆ ವೋಲ್ಟೇಜ್ ಅಥವಾ ರಿಲೇ ನೋಡಿಸಿ.

5. ಬಿಸಿ ಸಾಂಬಾರಿನ ಪಾತ್ರೆಯನ್ನು ಹಾಗೆಯೇ ಒಳಗಿಡುವ ಅಭ್ಯಾಸ ನಿಲ್ಲಿಸಿ.

ಇಷ್ಟಾದರೂ ಕಂಪ್ರೆಸರ್ ಬಿಡದೆ ಓಡುತ್ತಿದ್ದು, ಫ್ರೀಜರಿನ ಒಂದು ಮೂಲೆಯಲ್ಲಿ ಮಾತ್ರ ಮಂಜು ಕಟ್ಟುತ್ತಿದ್ದರೆ ಗ್ಯಾಸ್ ಕಡಿಮೆಯಾಗಿರುವ ಸಂಭವವಿದೆ. ಸೋರಿಕೆ ಎಲ್ಲಿದೆಯೆಂದು ತೋರಿಸಿದ ಮೇಲೆಯೇ ಹಣ ಕೊಡಿ. ಹೊಸ ಫ್ರಿಜ್‌ಗಳಲ್ಲಿ ಹೆಚ್ಚಾಗಿರುವುದು ಆರ್-600ಎ ಎಂಬ, ಬೆಂಕಿ ಹತ್ತುವ ಅನಿಲ. ಒಲೆ ಉರಿಯುವಾಗ ಅಡುಗೆಮನೆಯಲ್ಲಿ ಅದರ ಕೊಳವೆ ಬಿಚ್ಚಗೊಡಬೇಡಿ.

ರಿಪೇರಿ ಖರ್ಚಿಗಿಂತ ದೊಡ್ಡ ಮಾತೊಂದಿದೆ. 2022ರ ಮೇ ತಿಂಗಳಲ್ಲಿ ಕಾಸರಗೋಡಿನ ಚೆರುವತ್ತೂರಿನಲ್ಲಿ ಷವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡ ಮೇಲೆ ಕೇರಳದಲ್ಲಿ ಆಹಾರ ಸುರಕ್ಷತಾ ತಪಾಸಣೆ ಬಿಗಿಯಾಯಿತು. 2023ರ ಜನವರಿಯಲ್ಲಿ ಪಾರ್ಸೆಲ್ ಮೇಲೆ ತಯಾರಿಸಿದ ಸಮಯದ ಚೀಟಿ ಕಡ್ಡಾಯವಾಯಿತು. ನಮ್ಮದು ಸಸ್ಯಾಹಾರ, ನಮಗೇನು ಎನ್ನುವಂತಿಲ್ಲ. ಹಾಲು, ತೆಂಗಿನಕಾಯಿ ಚಟ್ನಿ ಕೆಡಲು ಮಾಂಸವೇ ಬೇಕಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ.

ಆದ್ದರಿಂದ ಪ್ರತಿಯೊಬ್ಬ ಮಾಲೀಕರೂ ಫ್ರಿಜ್‌ನೊಳಗೆ ಒಂದು ಥರ್ಮಾಮೀಟರ್ ಇಡಬೇಕು. ಬೆಳಿಗ್ಗೆ, ಸಂಜೆ ಬರೆದಿಡಬೇಕು. 5 ಡಿಗ್ರಿ ಮೀರಿತೆಂದರೆ ಹಾಲು, ಚಟ್ನಿಯನ್ನು ಕೂಡಲೇ ಐಸ್ ಪೆಟ್ಟಿಗೆಗೆ ಸಾಗಿಸಿ. ಎಷ್ಟು ಹೊತ್ತಿನಿಂದ ಹಾಗಿತ್ತೆಂದು ತಿಳಿಯದಿದ್ದರೆ ಚೆಲ್ಲಿಬಿಡಿ. ಮೆಕ್ಯಾನಿಕ್ ನಾಳೆ ಬಂದರೂ ನಡೆದೀತು. ಕೆಟ್ಟ ಚಟ್ನಿ ಗಿರಾಕಿಯ ಎಲೆಗೆ ಬೀಳಬಾರದು.