ಹುಚ್ಚು ಬೇರೆ, ಅಂತಃಕರಣಶೂನ್ಯತೆ ಬೇರೆ

ಎಲ್ಲಿಯಾದರೂ ಒಂದು ಘೋರ ಕೊಲೆ ನಡೆಯಿತೆಂದರೆ ‘ಅವನೊಬ್ಬ ಸೈಕೋ’ ಎಂಬ ಮಾತು ಮರುದಿನವೇ ಪೇಟೆಯ ಚಹಾದಂಗಡಿಯಿಂದ ಮನೆಯ ಜಗಲಿಯವರೆಗೂ ಹರಡುತ್ತದೆ. ಇದರಿಂದ ಎರಡು ಅನ್ಯಾಯಗಳಾಗುತ್ತವೆ. ಮನೋರೋಗದಿಂದ ನರಳುವ ನಿರಪರಾಧಿಯನ್ನು ನೆರೆಯವರು ಅಂಜಿಕೆಯಿಂದ ಕಾಣತೊಡಗುತ್ತಾರೆ. ತಿಳಿದೂ ತಿಳಿದೂ ಪಾತಕವೆಸಗಿದವನಿಗೆ ‘ಪಾಪ, ತಲೆ ಸರಿಯಿಲ್ಲ’ ಎಂಬ ರಿಯಾಯಿತಿ ದೊರೆಯುತ್ತದೆ. ಆದುದರಿಂದ ಸೈಕೋಪಥಿ ಎಂದರೇನೆಂಬುದನ್ನು ಸ್ವಲ್ಪ ವಿವೇಚಿಸಿ ನೋಡುವುದು ಅಗತ್ಯ.

ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿಯವರು 1941ರಲ್ಲಿ ಈ ವಿಷಯದ ಕುರಿತು ಪ್ರಕಟಿಸಿದ ಗ್ರಂಥಕ್ಕೆ ‘ಸ್ವಸ್ಥತೆಯ ಮುಖವಾಡ’ ಎಂಬರ್ಥದ ಹೆಸರನ್ನಿಟ್ಟರು. ಹೆಸರೇ ವಿಷಯವನ್ನು ಹೇಳುತ್ತದೆ. ಇಂಥವನಿಗೆ ಭ್ರಮೆಯಿಲ್ಲ, ಕಿವಿಯಲ್ಲಿ ಯಾರದೋ ಧ್ವನಿ ಕೇಳಿಸುವುದಿಲ್ಲ. ಮಾತು ಸವಿ, ನಡೆ ಸಭ್ಯ. ಇಲ್ಲದಿರುವುದು ಪಶ್ಚಾತ್ತಾಪ ಮತ್ತು ಪರರ ನೋವಿಗೆ ಮರುಗುವ ಗುಣ. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಇದನ್ನು ಅಳೆಯಲು 20 ಲಕ್ಷಣಗಳ ಪಟ್ಟಿಯೊಂದನ್ನು ರಚಿಸಿದರು. ಒಂದೊಂದಕ್ಕೆ ಗರಿಷ್ಠ 2ರಂತೆ ಒಟ್ಟು 40 ಅಂಕಗಳು. ತರಬೇತಿ ಪಡೆದ ತಜ್ಞರು ಸಂದರ್ಶನ ನಡೆಸಿ, ದಾಖಲೆಗಳನ್ನು ಪರಿಶೀಲಿಸಿ ಅಂಕ ಕೊಡತಕ್ಕದ್ದೇ ಹೊರತು ಜಗಲಿಯಲ್ಲಿ ಕುಳಿತು ಕೊಡುವಂಥದಲ್ಲ.

ಅಪರಾಧಕ್ಕೂ ಇದಕ್ಕೂ ಸಂಬಂಧವಿದೆ. ಆದರೆ ಜನ ತಿಳಿದಷ್ಟು ನೇರವಲ್ಲ. ಹೇರ್ ಅವರ ಅಂದಾಜಿನಂತೆ ಜನಸಾಮಾನ್ಯರಲ್ಲಿ ಶೇಕಡಾ 1ರಷ್ಟು ಮಂದಿ ಇಂಥವರು; ಸೆರೆಮನೆಗಳಲ್ಲಿ ಶೇಕಡಾ 15ರಿಂದ 25. ಅಂದರೆ ಕೈದಿಗಳಲ್ಲಿ ಹೆಚ್ಚಿನವರು ಇಂಥವರಲ್ಲ. ಬಡತನ, ಕುಡಿತ, ಜಗಳ, ದುಸ್ಸಹವಾಸ ಮುಂತಾದ ನೂರು ದಾರಿಗಳಿಂದ ಅಲ್ಲಿಗೆ ಬಂದವರು. ಹಾಗೆಯೇ ಅಂತಃಕರಣವಿಲ್ಲದವರೆಲ್ಲ ಕೊಲೆ ಮಾಡುವುದೂ ಇಲ್ಲ.

ಕಾನೂನಿನ ನಿಲುವು ಸ್ಪಷ್ಟವಾಗಿದೆ. ಹಿಂದಿನ ದಂಡಸಂಹಿತೆಯ 84ನೆಯ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು, ಬುದ್ಧಿವಿಕಲತೆಯಿಂದಾಗಿ ತನ್ನ ಕೃತ್ಯದ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ಅರಿಯಲಾರದವನಿಗೆ ಮಾತ್ರ ರಕ್ಷಣೆ ನೀಡುತ್ತದೆ. ಮುಂಬಯಿಯ ಬೀದಿಬದಿಯಲ್ಲಿ ಮಲಗಿದ್ದವರನ್ನು ಕೊಂದು 1968ರಲ್ಲಿ ಸೆರೆಸಿಕ್ಕ ರಾಮನ್ ರಾಘವ್ ತೀವ್ರ ಚಿತ್ತಭ್ರಮೆಯ ರೋಗಿಯೆಂದು ವೈದ್ಯರು ಕಂಡುಕೊಂಡರು. ಅವನ ಗಲ್ಲುಶಿಕ್ಷೆ 1987ರಲ್ಲಿ ಜೀವಾವಧಿಗಿಳಿಯಿತು. ಸೈಕೋಪಥಿಯುಳ್ಳವನಾದರೋ ತಪ್ಪೆಂದು ಬಲ್ಲ; ಆದರೆ ಅದು ಅವನನ್ನು ತಟ್ಟುವುದಿಲ್ಲ.

ನಮ್ಮ ಗಡಿನಾಡಿಗೆ ಹತ್ತಿರದ ಉದಾಹರಣೆಯೆಂದರೆ ಬಂಟ್ವಾಳ ತಾಲೂಕಿನ ಕನ್ಯಾನದ ಮೋಹನ್ ಕುಮಾರನದು. ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದ ಈತ 2003ರಿಂದ 2009ರವರೆಗೆ 20 ಮಂದಿ ಯುವತಿಯರನ್ನು ಸಯನೈಡ್ ಉಣಿಸಿ ಕೊಂದ. ಮದುವೆಯ ಆಸೆ ತೋರಿಸಿ ದೂರದ ಊರಿನ ವಸತಿಗೃಹಕ್ಕೆ ಕರೆದೊಯ್ದು, ಮರುದಿನ ಬಸ್ ನಿಲ್ದಾಣದಲ್ಲಿ ಗರ್ಭನಿರೋಧಕ ಮಾತ್ರೆಯೆಂದು ವಿಷ ಕೊಟ್ಟು, ಆಭರಣಗಳೊಡನೆ ಪರಾರಿಯಾಗುವುದು ಅವನ ಕ್ರಮ. 2020ರ ಜೂನ್‌ನಲ್ಲಿ ತೀರ್ಪು ಬಂದ ಕೊನೆಯ ಪ್ರಕರಣದ ಬಲಿ ನಮ್ಮ ಕಾಸರಗೋಡಿನ ಯುವತಿ. ನ್ಯಾಯಾಲಯದಲ್ಲಿ ತನ್ನ ಪರ ತಾನೇ ವಾದಿಸಿದವನನ್ನು ಹುಚ್ಚನೆನ್ನಲು ಹೇಗೆ ಸಾಧ್ಯ? ಅವನು ಸೈಕೋಪಥಿಯುಳ್ಳವನೆಂದು ಹೇಳುವುದು ತಜ್ಞರ ಕೆಲಸ, ನಮ್ಮದಲ್ಲ. ನಾವು ಯೋಚಿಸಬೇಕಾದ ಪ್ರಶ್ನೆ ಬೇರೆ: ಆರು ವರ್ಷ ಅವನು ಸಿಕ್ಕಿಬೀಳದಿದ್ದುದು ಹೇಗೆ?

ಸವಿಮಾತು ಮಾತ್ರ ಅದಕ್ಕೆ ಸಾಲದು. ವರದಕ್ಷಿಣೆ ಕೊಡಲಾಗದ ಮನೆಗಳ ಹೆಣ್ಣುಮಕ್ಕಳನ್ನೇ ಅವನು ಆರಿಸಿಕೊಂಡ. ‘ಯಾರೊಡನೆಯೋ ಓಡಿಹೋದಳು’ ಎಂಬ ಅಪವಾದಕ್ಕೆ ಅಂಜಿ ದೂರು ಕೊಡಲು ಹಿಂಜರಿಯುವ ಮನೆಗಳು ನಮ್ಮಲ್ಲಿ ಈಗಲೂ ಉಂಟು. ಮಗಳು ಕಾಣೆಯಾದುದು ಒಂದು ಠಾಣೆಯ ವ್ಯಾಪ್ತಿಯಲ್ಲಿ, ಗುರುತು ಸಿಗದ ಹೆಣ ದೊರೆತುದು ಬೇರೆ ಜಿಲ್ಲೆಯಲ್ಲಿ. ಎರಡನ್ನೂ ಜೋಡಿಸಿ ನೋಡುವವರಿರಲಿಲ್ಲ. ರಾಜ್ಯದ ಗಡಿಯೂ ಭಾಷೆಯೂ ಅಡ್ಡಬರುವ ನಮ್ಮಂಥವರಿಗೆ ಈ ತೊಡಕು ಇಮ್ಮಡಿ. 2024ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲೇ ನಡೆದಿರಲಿ, ಸಮೀಪದ ಠಾಣೆಯಲ್ಲೇ ದೂರು ಕೊಡಬಹುದು. ‘ನಮ್ಮ ವ್ಯಾಪ್ತಿಯಲ್ಲ’ ಎಂಬ ಉತ್ತರವನ್ನು ಕೇಳಿ ಮರಳಬೇಕಾಗಿಲ್ಲ.

ಮಕ್ಕಳ ವಿಚಾರದಲ್ಲೂ ಒಂದು ಎಚ್ಚರಿಕೆಯ ಮಾತು. ಸುಳ್ಳು ಹೇಳುವ, ನಾಯಿಗೆ ಕಲ್ಲೆಸೆಯುವ ಹುಡುಗನಿಗೆ ಈ ಹಣೆಪಟ್ಟಿ ಅಂಟಿಸುವುದು ಸರ್ವಥಾ ಸಲ್ಲದು. ಸಮಾಜವಿರೋಧಿ ವ್ಯಕ್ತಿತ್ವವೆಂಬ ನಿರ್ಣಯವನ್ನು 18 ತುಂಬುವ ಮೊದಲು ವೈದ್ಯರೂ ಕೊಡುವುದಿಲ್ಲ. ಕ್ರೌರ್ಯ ಅಭ್ಯಾಸವಾಗುತ್ತಿದ್ದರೆ ಹೊಡೆತದಿಂದ ಅದು ಹೆಚ್ಚೀತೇ ವಿನಾ ತಗ್ಗದು. ಹೆತ್ತವರ ಮಮತೆ, ಕಟ್ಟುನಿಟ್ಟಾದ ನಿಯಮ, ಸಕಾಲದ ವೈದ್ಯಸಲಹೆ, ಇವು ಫಲಕಾರಿ.

ಮುಖವಾಡ ಧರಿಸಿದವನನ್ನು ಮುಖ ನೋಡಿ ಗುರುತಿಸುವುದು ಯಾರಿಂದಲೂ ಆಗದು. ಆದರೆ ಅವನು ನುಸುಳುವ ಬಾಗಿಲುಗಳಾದ ವರದಕ್ಷಿಣೆಯನ್ನೂ ಮಾನಭಯದ ಮೌನವನ್ನೂ ಮುಚ್ಚುವುದು ನಮ್ಮ ಕೈಯಲ್ಲೇ ಇದೆ. ಮನೆಮಗಳು ಮರಳದಿದ್ದಾಗ ನೆರೆಯವರ ಮಾತಿಗಿಂತ ಅವಳ ಪ್ರಾಣವೇ ದೊಡ್ಡದೆಂಬುದನ್ನು ನೆನೆದು, ಅಂದೇ ಠಾಣೆಯ ಮೆಟ್ಟಿಲೇರಬೇಕು.