ಯಾವೂರ ದನಿ?
ಎಫ್‌ಎಂ ಮುಳ್ಳನ್ನು ಎರಡು ದೊಡ್ಡ ಕೇಂದ್ರಗಳ ನಡುವೆ ಮೆಲ್ಲಗೆ ಸರಿಸಿದರೆ, ಗೊರಗೊರ ಸದ್ದಿನೊಳಗಿಂದ ಒಂದು ಹಾಡು ಎದ್ದು ಮುಳುಗುತ್ತದೆ. ಯಾವೂರಿನದು? ಸಂಖ್ಯೆ ನೋಡಿ ಹೇಳಿಬಿಡುತ್ತೇನೆ ಅನ್ನುವವರು 90.4ರಲ್ಲಿ ಸೋಲುತ್ತಾರೆ: ಬೆಂಗಳೂರಿನ ರೇಡಿಯೋ ಆಕ್ಟಿವ್, ಮಣಿಪಾಲದ ರೇಡಿಯೋ ಮಣಿಪಾಲ್ ಎರಡೂ ಅಲ್ಲೇ. ಇಂಥ ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ಸಿಗುವುದು 100 ವ್ಯಾಟ್. ಊರಾಚೆಯ ಗುಡ್ಡ ದಾಟುವಷ್ಟರಲ್ಲಿ ಸೊರಗುತ್ತದೆ. ಹಾಡಿನಿಂದ ಏನೂ ಪತ್ತೆಯಾಗದು, ಎಲ್ಲರೂ ಹಾಕುವುದು ಅದನ್ನೇ. ನನ್ನ ಮಟ್ಟಿಗೆ ಜಾಹೀರಾತೇ ಒಳ್ಳೆಯ ಸಾಕ್ಷಿ (ಬೇರೆ ಹೊತ್ತಿನಲ್ಲಿ ಅದಕ್ಕೆ ಶಾಪ ಹಾಕುವವನೂ ನಾನೇ): ಸೀರೆ ಅಂಗಡಿಯವರು ಊರು, ಬೀದಿ ಹೇಳದೆ ಬಿಡುವುದಿಲ್ಲ. ಕರಾವಳಿಯಲ್ಲಂತೂ ಕತೆಯೇ ಬೇರೆ. ಮಳೆಗಾಲಕ್ಕೆ ಮುಂಚಿನ ಸೆಕೆಯ ದಿನಗಳಲ್ಲಿ ಅರಬ್ಬಿ ಸಮುದ್ರದ ತಂಪು ತೇವದ ಗಾಳಿಯ ಮೇಲೆ ಬಿಸಿ ಒಣಗಾಳಿ ಮುಚ್ಚಳದಂತೆ ಕೂರುತ್ತದೆ. ಬಾನಿಗೆ ಹಾರಿಹೋಗಬೇಕಾದ ಅಲೆ ಅದರಡಿ ಬಾಗುತ್ತ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿ ಬರಬಲ್ಲದು. ಹಾಗಾಗಿ ಮಂಗಳೂರಿನಲ್ಲಿ ಮಲಯಾಳಂ ಕೇಳಿದೊಡನೆ ಕಣ್ಣೂರು ಎಂದು ಬರೆದಿಡಬೇಡಿ. ದುಬೈಯಲ್ಲೂ ಮಲಯಾಳಂ ಎಫ್‌ಎಂ ಉಂಟು. ನಿರೂಪಕ ಗಂಟೆ ಹೇಳುವವರೆಗೆ ಕಾಯಿರಿ. ನಮ್ಮ ಗಡಿಯಾರಕ್ಕಿಂತ ಒಂದೂವರೆ ಗಂಟೆ ಹಿಂದಿದ್ದು, ಅಕ್ಕಿಯ ಬೆಲೆ ದಿರ್ಹಂನಲ್ಲಿದ್ದರೆ ಮುಗಿಯಿತು, ಅದು ಕೊಲ್ಲಿಯದೇ. ಇನ್ನೊಂದು ಮಾತು: ಒಂದೇ ಸಂಖ್ಯೆಯಲ್ಲಿ ಎರಡು ಬಂದರೆ ಎಫ್‌ಎಂ ರೇಡಿಯೋ ಬಲವಾದದ್ದನ್ನು ಹಿಡಿದು ಇನ್ನೊಂದನ್ನು ಅಡಗಿಸಿಬಿಡುತ್ತದೆ. ಆದ್ದರಿಂದ ಹತ್ತಿರದ ಕೇಂದ್ರ ರಾತ್ರಿ ಪ್ರಸಾರ ಮುಗಿಸಿದ ಮೇಲೆ ಅದೇ ಜಾಗಕ್ಕೆ ಮತ್ತೊಮ್ಮೆ ಕಿವಿಗೊಡಿ.