ಏಜೆನ್ಸಿಯ ಬಾಗಿಲೂ ಸಮಾಜದ ಸಂಕೋಚವೂ

ಪ್ರತಿಭಾ ಪುರಸ್ಕಾರಗಳ ಕಾಲ ಮುಗಿಯುತ್ತ ಬಂದಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸಂಘಗಳು ಎಂದಿನಂತೆ ವೇದಿಕೆ ಹಾಕಿದವು, ಅಂಕಪಟ್ಟಿ ನೋಡಿ ಶಾಲು ಹೊದಿಸಿದವು, ದಾನಿಗಳನ್ನು ನಡುವೆ ಕೂರಿಸಿ ಛಾಯಾಚಿತ್ರ ತೆಗೆಸಿದವು. ಶಾಲು ಹೊದ್ದು ಇಳಿದು ಹೋದ ಹುಡುಗ ಹುಡುಗಿಯರು ಮೂರು ವರ್ಷ ಕಳೆದು ಪದವಿ ಮುಗಿಸಿದ ಮೇಲೆ ಎಲ್ಲಿ ಹೋದರು, ಯಾರ ಬಳಿ ಕೆಲಸ ಕೇಳಿದರು, ಸಿಕ್ಕಿತೇ ಇಲ್ಲವೇ ಎಂಬ ವಿಚಾರ ಮಾತ್ರ ಬಹುತೇಕ ಸಂಘಗಳ ವಾರ್ಷಿಕ ವರದಿಯಲ್ಲಿ ಕಾಣಸಿಗುವುದಿಲ್ಲ.

ವಿಚಾರಿಸಬೇಕಾದ ಕಾರಣ ದೊಡ್ಡದಾಗಿಯೇ ಇದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆಯೂ ಕೂಡಿ 2024ರಲ್ಲಿ ಪ್ರಕಟಿಸಿದ ಭಾರತ ಉದ್ಯೋಗ ವರದಿಯಂತೆ, 2022ರಲ್ಲಿ ಯುವ ಪದವೀಧರರ ನಿರುದ್ಯೋಗ ಪ್ರಮಾಣ ಶೇ. 29.1. ಓದು ಬರಹ ಬಾರದ ಯುವಜನರಲ್ಲಿ ಅದು ಶೇ. 3.4. ಓದದವನು ಸಿಕ್ಕ ಕೂಲಿಗೆ ಹೋಗದಿದ್ದರೆ ಅಂದಿನ ಊಟಕ್ಕೆ ಕುತ್ತು. ಓದಿದವನನ್ನು ಮನೆ ಒಂದಷ್ಟು ಕಾಲ ಸಾಕುತ್ತದೆ. ಈ ಅಂತರಕ್ಕೆ ಇದೊಂದು ವಿವರಣೆಯಾಯಿತು. ಆದರೆ ಆ ಸಾಕುವ ಕಾಲವೇ ಎರಡು ವರ್ಷ, ಮೂರು ವರ್ಷವಾಗಿ ಬೆಳೆದು, ಕೊನೆಗೆ ಹುಡುಗನ ಆತ್ಮವಿಶ್ವಾಸವನ್ನೂ ಹುಡುಗಿಯ ಪದವಿಯನ್ನೂ ತಿಂದುಹಾಕುತ್ತದೆ. ಮೊದಲ ಕೆಲಸಕ್ಕೂ ಒಂದು ವರ್ಷದ ಅನುಭವ ಕೇಳುವ ಮಾರುಕಟ್ಟೆಯಲ್ಲಿ ಬರಿಯ ಬಿ.ಕಾಂ. ಅಂಕಪಟ್ಟಿ ಹಿಡಿದು ನಿಂತವನಿಗೆ ಯಾರಾದರೊಬ್ಬರು ಒಳಗೆ ಕರೆದೊಯ್ಯುವವರು ಬೇಕು.

ಹಿಂದೆ ಆ ಕೆಲಸವನ್ನು ನೆಂಟಸ್ತಿಕೆ ಮಾಡುತ್ತಿತ್ತು. ಸೋದರಮಾವನ ಅಂಗಡಿ, ಊರಿನವರ ಗುಮಾಸ್ತಿಕೆ, ಪರಿಚಯದ ಲೆಕ್ಕಪರಿಶೋಧಕರ ಕಛೇರಿ ಎಂದು ಒಂದಲ್ಲ ಒಂದು ಮೂಲೆ ದೊರೆಯುತ್ತಿತ್ತು. ಇಂದು ಕೆಲಸಗಳಿರುವುದು ಐರೋಲಿ, ಹಿಂಜವಡಿ, ಗಚ್ಚಿಬೌಲಿ, ಶೋಲಿಂಗನಲ್ಲೂರುಗಳ ಗಾಜಿನ ಕಟ್ಟಡಗಳಲ್ಲಿ. ಅಲ್ಲಿನ ಬ್ಯಾಂಕಿನ ಕಡತ ವಿಭಾಗಕ್ಕಾಗಲಿ ವಿಮಾ ಕಂಪನಿಯ ಕ್ಲೇಮು ವಿಭಾಗಕ್ಕಾಗಲಿ ಮಾವನ ಮಾತು ತಲುಪದು. ಕೆಳಹಂತದ ಎಷ್ಟೋ ಹುದ್ದೆಗಳಿಗೆ ಆ ಕಂಪನಿಗಳು ಜಾಹೀರಾತನ್ನೇ ಕೊಡುವುದಿಲ್ಲ. ಸಿಬ್ಬಂದಿ ಪೂರೈಸುವ ಏಜೆನ್ಸಿಗೆ ಇಷ್ಟು ಜನ ಬೇಕೆಂದು ತಿಳಿಸಿ ಸುಮ್ಮನಾಗುತ್ತವೆ. ಬೆಂಗಳೂರಿನಲ್ಲೇ ಪ್ರಧಾನ ಕಛೇರಿ ಇರುವ ಟೀಮ್‌ಲೀಸ್, ಕ್ವೆಸ್ ಮೊದಲಾದವು ಬೆಳೆದದ್ದು ಈ ಏರ್ಪಾಟಿನ ಮೇಲೆಯೇ.

ಏಜೆನ್ಸಿಗಳಲ್ಲಿ ಎರಡು ಬಗೆ. ಒಂದು ಬಗೆಯದು ಅಭ್ಯರ್ಥಿಯನ್ನು ಹುಡುಕಿ ಕಂಪನಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ನೇಮಕ ಕಂಪನಿಯದೇ, ಏಜೆನ್ಸಿಗೆ ಕಂಪನಿಯಿಂದ ಒಮ್ಮೆ ಶುಲ್ಕ. ಇನ್ನೊಂದು ಬಗೆಯದು ಅಭ್ಯರ್ಥಿಯನ್ನು ತನ್ನದೇ ಪೇರೋಲಿನಲ್ಲಿಟ್ಟುಕೊಂಡು ಕಂಪನಿಯ ಕೆಲಸಕ್ಕೆ ಕಳುಹಿಸುತ್ತದೆ. ಸಂಬಳ, ಮಾಲೀಕನ ಪಾಲಿನ ಪಿಎಫ್, ಇಎಸ್‌ಐ, ತನ್ನ ಸೇವಾಶುಲ್ಕ, ಅದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿಸಿ ಕಂಪನಿಗೆ ಬಿಲ್ಲು ಬರೆಯುತ್ತದೆ. ಎರಡು ಬಗೆಯಲ್ಲೂ ಹಣ ಹರಿಯುವುದು ಕಂಪನಿಯಿಂದ ಏಜೆನ್ಸಿಗೆ. ಕೆಲಸ ಕೇಳುವ ಹುಡುಗನ ಜೇಬಿಗೂ ಏಜೆನ್ಸಿಗೂ ಯಾವ ಸಂಬಂಧವೂ ಇಲ್ಲ. ಇದೊಂದು ವಿಷಯ ಮನೆಮನೆಗೂ ತಿಳಿದಿದ್ದರೆ ಈ ಲೇಖನದ ಅರ್ಧ ಭಾಗ ಅನಗತ್ಯವಾಗುತ್ತಿತ್ತು.

ಒಳ್ಳೆಯ ಏಜೆನ್ಸಿಯಿಂದ ಹೊಸ ಪದವೀಧರನಿಗೆ ಆಗುವ ಉಪಕಾರ ಸಣ್ಣದಲ್ಲ. ಒಂದೇ ಅರ್ಜಿ ಹತ್ತು ಕಂಪನಿಗಳ ಕಣ್ಣಿಗೆ ಬೀಳುತ್ತದೆ. ಸಂದರ್ಶನದಲ್ಲಿ ಎಲ್ಲಿ ಎಡವಿದ ಎಂಬುದನ್ನು ಕಂಪನಿ ಹೇಳುವುದಿಲ್ಲ. ಏಜೆನ್ಸಿಯವರು ಹೇಳುತ್ತಾರೆ, ಏಕೆಂದರೆ ಆತ ಆಯ್ಕೆಯಾದರೆ ಅವರಿಗೂ ಲಾಭ. ಒಂದು ಕಡೆ ಮುಗಿದರೆ ಇನ್ನೊಂದು ಕಡೆ ಕಳುಹಿಸುವ ಸಾಧ್ಯತೆಯಿದೆ. ಎಲ್ಲಕ್ಕಿಂತ ಮಿಗಿಲಾಗಿ, ಪಿಎಫ್ ಖಾತೆಯ ಸಂಖ್ಯೆಯೊಂದು ಹುಟ್ಟಿಕೊಂಡು, ಹನ್ನೆರಡು ತಿಂಗಳ ದುಡಿಮೆಗೆ ಅಳಿಸಲಾಗದ ದಾಖಲೆಯಾಗುತ್ತದೆ. ಮುಂದಿನ ಸಂದರ್ಶನದಲ್ಲಿ ‘ಅನುಭವವಿಲ್ಲ’ ಎಂಬ ಮಾತಿಗೆ ಅದೇ ಉತ್ತರ.

ಇಷ್ಟಿದ್ದೂ ಸಮಾಜದ ಮನೆಗಳಲ್ಲಿ ಏಜೆನ್ಸಿಯ ಕೆಲಸವೆಂದರೆ ಮುಖ ಸಿಂಡರಿಸುವುದು ತಪ್ಪಿಲ್ಲ. ವಧೂವರರ ಪರಿಚಯ ಪತ್ರವನ್ನು ತೆರೆದು ನೋಡಿದರೆ ಸಾಕು. ವರ ಬ್ಯಾಂಕಿನಲ್ಲಿದ್ದಾನೆ ಎಂದು ಬರೆದಿರುತ್ತದೆ. ಸಂಬಳದ ಚೀಟಿ ಕೇಳಿದಾಗ ಬೇರೊಂದು ಹೆಸರು ಹೊರಬಿದ್ದು ಮಾತುಕತೆ ಮುರಿಯುತ್ತದೆ. ಸುಳ್ಳು ಬರೆದದ್ದು ತಪ್ಪು, ನಿಜ. ಆದರೆ ಸತ್ಯ ಬರೆದರೆ ಮೊದಲ ಪುಟದಲ್ಲೇ ತಿರಸ್ಕಾರವಾಗುವಂತೆ ಮಾಡಿಟ್ಟವರು ಯಾರು? ಮಗ ಮೂರು ವರ್ಷ ಮನೆಯಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆ ಬರೆಯುತ್ತಿದ್ದಾನೆ ಎಂದರೆ ಗೌರವ, ಗುತ್ತಿಗೆಯ ಮೇಲೆ ದುಡಿದು ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಿದ್ದಾನೆ ಎಂದರೆ ಅನುಕಂಪ. ಹೆಣ್ಣುಮಕ್ಕಳ ಪಾಡು ಇನ್ನೂ ಹೀನ. 2001ರ ಜನಗಣತಿಯಲ್ಲಿ ಜೈನ ಮಹಿಳೆಯರ ಸಾಕ್ಷರತೆ ಶೇ. 90.6, ದೇಶದ ಪ್ರಮುಖ ಧರ್ಮೀಯ ಸಮುದಾಯಗಳಲ್ಲೆಲ್ಲ ಹೆಚ್ಚು. ದುಡಿಮೆಯಲ್ಲಿ ತೊಡಗಿದ್ದವರು ಶೇ. 9.2, ಅದೇ ಸಮುದಾಯಗಳಲ್ಲೆಲ್ಲ ಕಡಿಮೆ. ಕಾಲ ಕೊಂಚ ಬದಲಾಗಿರಬಹುದು. ‘ಪರ್ಮನೆಂಟ್ ಸಿಕ್ಕರೆ ಹೋಗಲಿ, ಕಾಂಟ್ರಾಕ್ಟ್ ಕೆಲಸಕ್ಕೆ ನಮ್ಮ ಮಗಳು ಯಾಕೆ ಅಲೆಯಬೇಕು’ ಎಂಬ ಮಾತು ಬದಲಾಗಿಲ್ಲ.

ವಿಚಿತ್ರವೆಂದರೆ, ಕಂಪನಿಯ ಹಣದಲ್ಲಿ ನಡೆಯುವ ಏಜೆನ್ಸಿಯನ್ನು ಕಂಡರೆ ಹಿಂಜರಿಯುವ ತಂದೆಯೇ, ಮಗನಿಂದ ಹಣ ಕೇಳುವ ದಲ್ಲಾಳಿಯನ್ನು ನಂಬಿ ಕೈಚೀಲ ಬಿಚ್ಚುತ್ತಾನೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಹಿಂತಿರುಗಿಸುವ ಠೇವಣಿ, ಲ್ಯಾಪ್‌ಟಾಪಿನ ಭದ್ರತಾ ಹಣ ಎಂದು ಅದಕ್ಕೆ ನಾನಾ ಹೆಸರು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೆಯ ಒಡಂಬಡಿಕೆ, ಖಾಸಗಿ ಉದ್ಯೋಗ ಏಜೆನ್ಸಿಗಳು ನೌಕರರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕ ಪಡೆಯಬಾರದೆಂದು ವಿಧಿಸಿದೆ. ಭಾರತ ಅದನ್ನು ಅನುಮೋದಿಸಿಲ್ಲವಾದರೂ, ಗುತ್ತಿಗೆದಾರನು ಗುತ್ತಿಗೆ ಕಾರ್ಮಿಕನಿಂದ ಶುಲ್ಕವನ್ನಾಗಲಿ ಕಮಿಷನನ್ನಾಗಲಿ ಪಡೆಯುವಂತಿಲ್ಲವೆಂಬ ನಿಯಮವನ್ನು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಸೇರಿಸಿದೆ. ಹಣ ಕೇಳಿದ ಕ್ಷಣವೇ ಎದ್ದು ಬರಬೇಕು. ಅಲ್ಲಿ ಲೆಕ್ಕ ಹಾಕುತ್ತ ಕೂರುವುದಕ್ಕೆ ಏನೂ ಉಳಿದಿಲ್ಲ.

ಸರ್ಕಾರಿ ಇಲಾಖೆಯಲ್ಲಿ ಹೊರಗುತ್ತಿಗೆ ಕೆಲಸ, ‘ಮುಂದೆ ಖಾಯಂ ಆಗುತ್ತದೆ’ ಎಂದು ಹೇಳಿ ಲಕ್ಷಗಳಲ್ಲಿ ವಸೂಲಿ ಮಾಡುವವರ ಜಾತಿಯೇ ಬೇರೆ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2006ರಲ್ಲೇ ಹೇಳಿಬಿಟ್ಟಿದೆ: ತಾತ್ಕಾಲಿಕವಾಗಿಯೋ ಗುತ್ತಿಗೆಯ ಮೇಲೆಯೋ ಸರ್ಕಾರಿ ಕೆಲಸಕ್ಕೆ ಸೇರಿದವರು ಖಾಯಮಾತಿಯನ್ನು ಹಕ್ಕಾಗಿ ಕೇಳಲಾರರು. ನೇರವಾಗಿ ಸೇರಿದವರ ಸ್ಥಿತಿಯೇ ಹೀಗಿರುವಾಗ, ಏಜೆನ್ಸಿಯ ಮೂಲಕ ಹೋದವನಿಗೆ ದಲ್ಲಾಳಿ ಕೊಡುವ ಭರವಸೆಗೆ ಕವಡೆಯ ಬೆಲೆಯೂ ಇಲ್ಲ.

ಇನ್ನು ಸಂಬಳದ ಮಾತು. ‘ಇಪ್ಪತ್ತು ಸಾವಿರದ ಕೆಲಸ’ ಎಂದು ಸೇರಿದ ಹುಡುಗಿಯ ಖಾತೆಗೆ ಮೊದಲ ತಿಂಗಳು ಹದಿನಾರು ಸಾವಿರ ಬಿದ್ದಾಗ ಮನೆಯಲ್ಲಿ ಏಜೆನ್ಸಿ ಕದ್ದಿತೆಂಬ ಗದ್ದಲವೇಳುತ್ತದೆ. ಹಲವು ಸಲ ಅದು ಕಳ್ಳತನವಲ್ಲ, ಸಿಟಿಸಿ ಎಂಬ ಲೆಕ್ಕದ ಮಾಯೆ. ಒಟ್ಟು ಸಂಬಳ 18,000, ಪಿಎಫ್ ಲೆಕ್ಕಕ್ಕೆ 15,000 ಎಂದಿಟ್ಟುಕೊಂಡರೆ, ಶೇ. 12ರಂತೆ ಆಕೆಯ ಪಾಲು 1,800, ಮಾಲೀಕನ ಪಾಲು 1,800. ಇಎಸ್‌ಐಗೆ ಆಕೆಯಿಂದ ಶೇ. 0.75ರಂತೆ 135, ಮಾಲೀಕನಿಂದ ಶೇ. 3.25ರಂತೆ 585. ಮಾಲೀಕನ ಪಾಲುಗಳನ್ನೂ ಕೂಡಿಸಿ ಜಾಹೀರಾತಿನಲ್ಲಿ 20,385 ಎಂದು ತೋರಿಸುತ್ತಾರೆ. ಕೈಗೆ ಬರುವುದು 16,065. ನಡುವಿನ ಹಣ ಭವಿಷ್ಯ ನಿಧಿಗೂ ಚಿಕಿತ್ಸೆಯ ವಿಮೆಗೂ ಹೋಗಿದ್ದರೆ ದೂರಬೇಕಾದ್ದಿಲ್ಲ. ಹೋಗಿದೆಯೇ ಎಂಬುದೇ ಪ್ರಶ್ನೆ. ಚೀಟಿಯಲ್ಲಿ ಕಡಿತ ತೋರಿಸಿ ಖಾತೆಗೆ ಕಟ್ಟದ ಏಜೆನ್ಸಿಗಳಿವೆ. ಯುಎಎನ್ ಸಂಖ್ಯೆ ಹಾಕಿ ಪಾಸ್‌ಪುಸ್ತಕ ನೋಡಲು ಐದು ನಿಮಿಷ ಸಾಕು. ಮಗಳ ಜಾತಕವನ್ನು ಮೂವರ ಬಳಿ ತೋರಿಸುವ ಮನೆಯಲ್ಲಿ ಆ ಐದು ನಿಮಿಷಕ್ಕೆ ಬಿಡುವಿರುವುದಿಲ್ಲ. ಏಜೆನ್ಸಿ ಸಂಬಳವನ್ನೇ ಕೊಡದಿದ್ದರೆ ಅದನ್ನು ತೆರುವ ಹೊಣೆ ಕೆಲಸ ಮಾಡಿಸಿಕೊಂಡ ಕಂಪನಿಯದೆಂದು ಕಾನೂನು ಹೇಳುತ್ತದೆ ಎಂಬುದೂ ಎಷ್ಟೋ ಪದವೀಧರರಿಗೆ ಗೊತ್ತಿಲ್ಲ.

ಕಹಿಯಾದ ಮಾತು ಇನ್ನೂ ಉಳಿದಿದೆ. ಪ್ರತಿಭಾ ಪುರಸ್ಕಾರದ ವೇದಿಕೆಯ ಮೇಲೆ ಕುಳಿತವರಲ್ಲಿ ಮಾಲೀಕರೂ ಇದ್ದಾರೆ. ಪಿಎಫ್ ಕಾಯಿದೆ ಇಪ್ಪತ್ತು ಜನರಿದ್ದ ಕಡೆ ಅನ್ವಯವಾಗುತ್ತದೆಂದು ಒಂದೇ ಗೋದಾಮಿಗೆ ಎರಡು ಬೋರ್ಡು ತೂಗುಹಾಕಿ, ಹದಿನೈದು ಹದಿನೈದು ಜನರೆಂದು ಹಂಚಿಟ್ಟವರು. ಕಣ್ಣೆದುರಿಗೆ ದಿನವೂ ದುಡಿಯುವ ಹುಡುಗನನ್ನು ಹೆಸರಿಲ್ಲದ ಗುತ್ತಿಗೆದಾರನ ಪಟ್ಟಿಗೆ ತಳ್ಳಿ, ‘ಅವನು ನಮ್ಮವನಲ್ಲ’ ಎನ್ನುವವರು. ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಹೀನಾಧಿಕ ಮಾನೋನ್ಮಾನವನ್ನೂ ತತ್ತ್ವಾರ್ಥಸೂತ್ರ ಎಣಿಸಿದೆ. ರಾಜ್ಯದ ಕಟ್ಟಳೆಯನ್ನು ಮೀರಿ ಗಳಿಸುವುದೂ ಅಳತೆಯಲ್ಲಿ ಮೋಸಮಾಡುವುದೂ ಶ್ರಾವಕನ ವ್ರತಕ್ಕೆ ಕಳಂಕ. ತಕ್ಕಡಿಯಲ್ಲಿ ಹತ್ತು ಗ್ರಾಮು ಕಡಿಮೆ ತೂಗಲು ಅಂಜುವ ವ್ಯಾಪಾರಿ, ನೌಕರನ ಹನ್ನೆರಡು ಪಾಲನ್ನು ತೂಗದೆಯೇ ಇಟ್ಟುಕೊಂಡು ಪರ್ಯುಷಣದಲ್ಲಿ ಉಪವಾಸ ಮಾಡಿದರೆ ಆ ಲೆಕ್ಕ ಸರಿಹೋಗುವುದೇ ಎಂದು ಪ್ರವಚನ ಮಾಡುವ ಪಂಡಿತರು ಒಮ್ಮೆಯಾದರೂ ಕೇಳಬೇಕಿತ್ತು. ದಾನದ ಪಟ್ಟಿಯಲ್ಲಿ ಅವರ ಹೆಸರು ಮೇಲಿರುವುದರಿಂದಲೋ ಏನೋ, ಕೇಳಿದ್ದು ಕಡಿಮೆ.

ಸರ್ಕಾರವೂ ಇಂಥವರಿಗೆ ಅನುಕೂಲವನ್ನೇ ಮಾಡಿಕೊಟ್ಟಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕೆಂದವು. ನಿಗದಿತ ಅವಧಿಗೆ ನೇಮಕಗೊಂಡವನಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿಯ ಹಕ್ಕು ನೀಡಿದವು. ಇವು ಸ್ವಾಗತಾರ್ಹ. ಆದರೆ 1970ರ ಗುತ್ತಿಗೆ ಕಾರ್ಮಿಕರ ಮೂಲ ಕಾಯಿದೆ ಇಪ್ಪತ್ತು ಜನರಿದ್ದಲ್ಲಿ ಅನ್ವಯವಾಗುತ್ತಿದ್ದುದನ್ನು ಐವತ್ತಕ್ಕೆ ಏರಿಸಲಾಯಿತು. ಹೊಸ ಪದವೀಧರ ಅತಿ ಹೆಚ್ಚು ಮೋಸಹೋಗುವುದು ಮೂವತ್ತು ನಲವತ್ತು ಜನರನ್ನು ಇಟ್ಟುಕೊಂಡು ಒಂದೇ ಕೋಣೆಯಲ್ಲಿ ನಡೆಯುವ ಏಜೆನ್ಸಿಯಲ್ಲಿ. ಕಾನೂನಿನ ಕಣ್ಣಿನಿಂದ ಹೊರಗುಳಿದದ್ದೂ ಅದೇ. ದೊಡ್ಡ ಸಂಸ್ಥೆಗೆ ಕಟ್ಟುಪಾಡು, ಸಣ್ಣ ವಂಚಕನಿಗೆ ವಿನಾಯಿತಿ ಎಂಬ ಈ ಏರ್ಪಾಟನ್ನು ವ್ಯಾಪಾರ ಸೌಲಭ್ಯವೆಂದು ಕೊಂಡಾಡುವವರು ತಮ್ಮ ಮಕ್ಕಳನ್ನೇ ಅಂಥಲ್ಲಿಗೆ ಕಳುಹಿಸಿ ನೋಡಲಿ.

ಏಜೆನ್ಸಿಯ ಕೆಲಸದಲ್ಲೇ ಜೀವಮಾನ ಕಳೆಯಬೇಕೆಂದು ಯಾರೂ ವಾದಿಸುತ್ತಿಲ್ಲ. ಒಂದು, ಹೆಚ್ಚೆಂದರೆ ಎರಡು ವರ್ಷ. ಅಷ್ಟರಲ್ಲಿ ಕಂಪನಿ ತನ್ನ ಪೇರೋಲಿಗೆ ತೆಗೆದುಕೊಳ್ಳದಿದ್ದರೆ, ಅನುಭವ ಪತ್ರ ಹಿಡಿದು ಹೊರಡಬೇಕು. ಮೂರನೆಯ ವರ್ಷವೂ ಅದೇ ಕುರ್ಚಿ, ಅದೇ ಸಂಬಳ ಎಂದರೆ ಅದು ಮೆಟ್ಟಿಲಲ್ಲ, ಮಡುವು. ಏಜೆನ್ಸಿಯೊಂದೇ ದಾರಿಯೂ ಅಲ್ಲ. 1961ರ ಅಪ್ರೆಂಟಿಸ್ ಕಾಯಿದೆಯಡಿ ಪದವೀಧರರಿಗೂ ಭತ್ಯೆಸಹಿತ ತರಬೇತಿಯುಂಟು. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಉದ್ಯಮಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಅದರ ಪ್ರಾದೇಶಿಕ ಮಂಡಳಿಗಳಲ್ಲಿ ಒಂದು ಮುಂಬಯಿಯಲ್ಲಿ, ಇನ್ನೊಂದು ಚೆನ್ನೈಯಲ್ಲಿ ಇವೆ. ಈ ಎರಡು ನಗರಗಳ ಸಂಘಗಳವರಲ್ಲಿ ಅಲ್ಲಿಗೆ ಹೋಗಿ ಬಂದವರೆಷ್ಟು ಜನ?

1899ರಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿದ ಕಾಲದಲ್ಲಿ ಹಳ್ಳಿಯ ಹುಡುಗನಿಗೂ ಶಾಲೆಗೂ ನಡುವೆ ಕಂದಕವಿತ್ತು. ಅದನ್ನು ದಾಟಿಸಲೆಂದು ಕೊಲ್ಲಾಪುರ, ಸಾಂಗಲಿ, ಹುಬ್ಬಳ್ಳಿಗಳಲ್ಲಿ ಜೈನ ಬೋರ್ಡಿಂಗುಗಳು ಎದ್ದವು. ಇಂದು ಕಂದಕ ಕಾಲೇಜಿಗೂ ಕೆಲಸಕ್ಕೂ ನಡುವೆ ಇದೆ, ಅದಕ್ಕೆ ಕಟ್ಟಡ ಕೂಡ ಬೇಕಾಗಿಲ್ಲ. ಬ್ಯಾಂಕು, ವಿಮೆ, ಕಾರ್ಖಾನೆಗಳ ಸಿಬ್ಬಂದಿ ವಿಭಾಗದಿಂದ ನಿವೃತ್ತರಾದವರು ಪ್ರತಿ ನಗರದ ಸಂಘದಲ್ಲೂ ಇಬ್ಬರಾದರೂ ಸಿಗುತ್ತಾರೆ. ತಿಂಗಳಿಗೊಂದು ಭಾನುವಾರ ಬಸದಿಯ ಸಭಾಂಗಣದಲ್ಲಿ ಒಂದು ಮೇಜು ಹಾಕಿ, ಮಕ್ಕಳು ತಂದ ನೇಮಕಾತಿ ಪತ್ರವನ್ನು ಅವರು ಓದಿ ಹೇಳಲಿ: ಮಾಲೀಕ ಯಾರು, ಅವಧಿ ಎಷ್ಟು, ನೋಟಿಸು ಎಷ್ಟು ದಿನ, ಬಿಟ್ಟು ಹೋದರೆ ದಂಡವುಂಟೆ, ಪಿಎಫ್ ಸಂಖ್ಯೆ ಎಲ್ಲಿ. ಹಣ ಕೇಳಿದ ಏಜೆನ್ಸಿಗಳ ಹೆಸರನ್ನು ಒಂದು ವಹಿಯಲ್ಲಿ ಬರೆದಿಟ್ಟು, ಮುಂದೆ ಬರುವ ಮಕ್ಕಳಿಗೆ ತೋರಿಸಲಿ. ಪುರಸ್ಕಾರಕ್ಕೆ ಹಣ ಕೊಡುವ ಉದ್ಯಮಿಯಿಂದ, ತನ್ನಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರವನ್ನೂ ಪಿಎಫನ್ನೂ ಕೊಟ್ಟಿದ್ದೇನೆಂಬ ಒಂದು ಸಾಲಿನ ಲಿಖಿತ ಹೇಳಿಕೆಯನ್ನು ಚೆಕ್ಕಿನ ಜೊತೆಗೇ ಕೇಳಿ ಪಡೆಯಲಿ. ಆ ಸಾಲಿಗೆ ಸಹಿ ಹಾಕಲಾಗದ ಕೈಯಿಂದ ಮುಂದಿನ ವರ್ಷ ಮಕ್ಕಳಿಗೆ ಶಾಲು ಹೊದಿಸುವುದು ಬೇಡ.